ಬೆಣ್ಣೆ ಹಣ್ಣು ‘ಬೆಣೆ ಹಣು’ ಆದಾಗ

“ಇದೇನಮ್ಮಾ, ಬೆಣೆ ಹಣು ಅಂತ? ಯಾವ ಊರಿನ ಹಣ್ಣು ಇದು?”

ಅತ್ತೆ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು, ಫೋನನ್ನು ಮಾರುದ್ದ ದೂರ ಹಿಡಿದು ಕೇಳಿದರು. ನಾನು ಒಲೆ ಮುಂದೆ ಅಕ್ಕಿ ರೊಟ್ಟಿ ತಟ್ಟುತ್ತಿದ್ದೆ. ಕೈ ಒರೆಸಿಕೊಂಡು ಬಂದು ನೋಡಿದೆ. ನಮ್ಮದೇ ಅಂಗಡಿ. ಹಿಂದಿನ ರಾತ್ರಿ ಹನ್ನೊಂದರವರೆಗೆ ಕೂತು ನಾನೇ ತುಂಬಿದ ಪಟ್ಟಿ. ಬೆಣ್ಣೆ ಹಣ್ಣಿನ ಫೋಟೋ ಚೆನ್ನಾಗಿಯೇ ಇತ್ತು. ಕೆಳಗೆ ಹೆಸರು ಮಾತ್ರ ‘ಬೆಣೆ ಹಣು’. ಅದರ ಪಕ್ಕ ‘ಸಣಕಿ’. ಅದರ ಕೆಳಗೆ ‘ಏಲಕಿ’. ಕಾಫಿ, ಜೇನು, ಕಾಳುಮೆಣಸು ಈ ಮೂರೇ ಬಚಾವಾಗಿದ್ದವು.

ನಾನು ಬರೆದದ್ದು ತಪ್ಪೇ ಅಂತ ಮತ್ತೆ ತೆಗೆದು ನೋಡಿದೆ. ಇಲ್ಲ, ಸರಿಯಾಗಿಯೇ ಬರೆದಿದ್ದೆ. ಒತ್ತಕ್ಷರ ಇರುವ ಪದಗಳಿಗೆಲ್ಲ ಕಾಲು ಹೋಗಿತ್ತು, ಅಷ್ಟೇ. ಯಾರೋ ಕತ್ತಿ ತೆಗೆದುಕೊಂಡು ಸಾಲಿನ ಬುಡಕ್ಕೆ ಸವರಿದ ಹಾಗೆ.

ಈ ಅಂಗಡಿಯ ಕತೆ ಸ್ವಲ್ಪ ಹೇಳಬೇಕು. ನಮ್ಮದು ಸೋಮವಾರಪೇಟೆ ಕಡೆ. ಸುತ್ತಮುತ್ತಲ ಇಪ್ಪತ್ತಮೂರು ಮನೆಯವರು ಸೇರಿ ಒಂದು ಗುಂಪು ಮಾಡಿಕೊಂಡಿದ್ದೇವೆ. ದೊಡ್ಡ ತೋಟದವರು ಯಾರೂ ಇಲ್ಲ. ಎರಡೆಕರೆ, ಮೂರೆಕರೆ ಕಾಫಿ, ಅದರ ನಡುವೆ ಮೆಣಸಿನ ಬಳ್ಳಿ, ಮೂಲೆಯಲ್ಲಿ ನಾಲ್ಕು ಬೆಣ್ಣೆ ಹಣ್ಣಿನ ಮರ, ಎರಡು ಜೇನು ಪೆಟ್ಟಿಗೆ, ಇಂಥವರು. ಮೊದಲು ವಾಟ್ಸಾಪಿನಲ್ಲಿ ಆರ್ಡರ್ ತೆಗೆದುಕೊಳ್ಳುತ್ತಿದ್ದೆವು. “ನನಗೂ ಅರ್ಧ ಕೆಜಿ” ಅಂತ ಒಬ್ಬರು, “ಮೇಲೆ ಹೇಳಿದ್ದೇ ನನಗೂ” ಅಂತ ಇನ್ನೊಬ್ಬರು. ಯಾವುದರ ಮೇಲೆ, ಯಾವುದರ ಅರ್ಧ? ಗುಂಪಿನ ಲೆಕ್ಕ ಬರೆಯುವವಳು ನಾನು. ತಲೆ ಕೆಟ್ಟು ಹೋಗುತ್ತಿತ್ತು. ಕೊನೆಗೆ ತಿಂಗಳಿಗೆ ಇಷ್ಟು ಅಂತ ಬಾಡಿಗೆ ಕಟ್ಟಿದರೆ ಸಿಗುವ, ರೈತರ ಸಂತೆಗೆ ಅಂತಲೇ ಮಾಡಿಟ್ಟ ಒಂದು ರೆಡಿಮೇಡ್ ವೆಬ್‌ಸೈಟ್ ತೆಗೆದುಕೊಂಡೆವು. ಶನಿವಾರ ಆರ್ಡರ್ ತೆರೆಯುತ್ತದೆ, ಮಂಗಳವಾರ ರಾತ್ರಿ ಮುಚ್ಚುತ್ತದೆ. ಗುರುವಾರ ನಮ್ಮ ಶೆಡ್ಡಿನಲ್ಲಿ ತೂಕ, ವಿಂಗಡಣೆ. ಶುಕ್ರವಾರ ಮಡಿಕೇರಿ ಸಂತೆ ದಿನ ಜನ ಹೇಗೂ ಪೇಟೆಗೆ ಬರುತ್ತಾರಲ್ವಾ, ಅವತ್ತೇ ಚೀಲಗಳನ್ನು ತೆಗೆದುಕೊಂಡು ಹೋಗಿ ಕೊಡುತ್ತೇವೆ.

ವ್ಯವಸ್ಥೆ ಚೆನ್ನಾಗಿದೆ. ರೂಪ ಮಾತ್ರ ಯಾವುದೋ ದೇಶದ್ದು. ಬಿಳಿ ಬಿಳಿ, ತೆಳು ಬೂದು ಅಕ್ಷರ, ನೀಲಿ ಬಟನ್. ಅದನ್ನು ಮಾಡಿದವರು ಕನ್ನಡವನ್ನು ಕಂಡಿರಲಿಕ್ಕಿಲ್ಲ.

ಮೈಸೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ಚಿಕ್ಕಮ್ಮನ ಮಗನಿಗೆ ಫೋನ್ ಮಾಡಿದೆ. ಅವನು ಕೇಳಿಸಿಕೊಂಡು ನಕ್ಕ. “ಅಕ್ಕಾ, ಸೆಟ್ಟಿಂಗ್‌ನಲ್ಲಿ ಕಸ್ಟಮ್ ಸಿಎಸ್ಎಸ್ ಅಂತ ಒಂದು ಖಾಲಿ ಡಬ್ಬ ಇರುತ್ತೆ ನೋಡು. ಅದರಲ್ಲಿ ಬರಿ. ಕೆಟ್ಟುಹೋದರೆ ಬರೆದದ್ದನ್ನ ಅಳಿಸು, ಮೊದಲಿನ ಹಾಗೇ ಆಗುತ್ತೆ. ಹೆದರಬೇಡ.”

“ನಾನು ಬಿಕಾಂ ಕಣೋ.”

“ಅದಕ್ಕೇ ಹೇಳಿದ್ದು. ಇದು ಲೆಕ್ಕಕ್ಕಿಂತ ಸುಲಭ.”

ಸುಲಭ ಏನಲ್ಲ. ಆದರೆ ಹೆದರುವಂಥದ್ದೂ ಅಲ್ಲ. ಪುಟದಲ್ಲಿ ಏನಿದೆ ಅನ್ನುವುದನ್ನು ಬರೆಯುವ ಭಾಷೆ ಬೇರೆ, ಅದು ಹೇಗೆ ಕಾಣಬೇಕು ಅನ್ನುವುದನ್ನು ಬರೆಯುವ ಭಾಷೆ ಬೇರೆ. ಎರಡನೆಯದು ಸಿಎಸ್ಎಸ್. ಹೋಕನ್ ವಿಯುಮ್ ಲೀ ಎಂಬುವರು 1994ರಲ್ಲಿ ಈ ಯೋಚನೆಯನ್ನು ಮುಂದಿಟ್ಟರು, 1996ರ ಡಿಸೆಂಬರಿನಲ್ಲಿ ಅದರ ಮೊದಲ ಆವೃತ್ತಿ ಅಧಿಕೃತವಾಯಿತು. ಬರೆಯುವ ರೀತಿ ಇಷ್ಟೇ: ಯಾವುದಕ್ಕೆ ಅಂತ ಹೆಸರು, ಆಮೇಲೆ ಹೂಬಳ್ಳಿಯಂಥ ಒಂದು ಬ್ರಾಕೆಟ್ಟು, ಅದರೊಳಗೆ ಗುಣ, ಎರಡು ಚುಕ್ಕಿ, ಆ ಗುಣದ ಬೆಲೆ, ಅರ್ಧವಿರಾಮ. ಮೊದಲ ‘ಸಿ’ ಅಂದರೆ ಕ್ಯಾಸ್ಕೇಡಿಂಗ್. ಜಲಪಾತದ ಹಾಗೆ ಇಳಿಯುವುದು. ನಮಗೆ ಅದಕ್ಕೆ ಉದಾಹರಣೆ ಹುಡುಕಬೇಕಾಗಿಲ್ಲ, ಮಲ್ಲಳ್ಳಿ ಇಲ್ಲೇ ಇದೆ. ಮೇಲಿನ ಬಂಡೆಗೆ ಬಿದ್ದ ನೀರು ಕೆಳಗಿನ ಬಂಡೆಗೆ ಬೀಳುತ್ತದೆ, ಅಲ್ಲಿಂದ ಇನ್ನೊಂದಕ್ಕೆ. ನಿಯಮಗಳೂ ಹಾಗೇ ಒಂದರ ಮೇಲೊಂದು ಇಳಿದು ಬರುತ್ತವೆ. ತೂಕ ಸಮ ಇದ್ದರೆ ಕೊನೆಗೆ ಬಂದದ್ದಕ್ಕೆ ಗೆಲುವು. ನನ್ನ ಡಬ್ಬದಲ್ಲಿ ಬರೆದದ್ದು ಥೀಮಿನ, ಅಂದರೆ ವೆಬ್‌ಸೈಟಿನ ಜೊತೆಗೇ ಬಂದ ರೆಡಿಮೇಡ್ ರೂಪದ, ನಿಯಮಗಳಾದ ಮೇಲೆ ಬರುತ್ತದೆ. ಹಾಗಾಗಿ ಮಾತು ನನ್ನದೇ ನಡೆಯಬೇಕು ಅಂದುಕೊಂಡಿದ್ದೆ. ಆ ‘ತೂಕ ಸಮ ಇದ್ದರೆ’ ಅನ್ನುವ ಮಾತಿನ ಬೆಲೆ ಆಮೇಲೆ ಗೊತ್ತಾಯಿತು.

ಮೊದಲು ಕಾಲು ಕತ್ತರಿಸಿದ ಕಳ್ಳನನ್ನು ಹಿಡಿಯಬೇಕಿತ್ತು. ಲ್ಯಾಪ್‌ಟಾಪಿನಲ್ಲಿ ಎಫ್12 ಒತ್ತಿದರೆ ಪುಟದ ಹೊಟ್ಟೆಯೆಲ್ಲ ಕಾಣುತ್ತದೆ. ‘ಬೆಣೆ ಹಣು’ ಮೇಲೆ ಬೆರಳಿಟ್ಟರೆ ಅದಕ್ಕೆ ಯಾವ್ಯಾವ ನಿಯಮ ಹತ್ತಿದೆ ಅಂತ ಪಕ್ಕದಲ್ಲಿ ತೋರಿಸುತ್ತದೆ. ಎರಡು ಸಾಲು ಸಿಕ್ಕಿದವು. ಒಂದು ಲೈನ್-ಹೈಟ್, ಅದರ ಬೆಲೆ 1. ಇನ್ನೊಂದು ಓವರ್‌ಫ್ಲೋ, ಅದರ ಬೆಲೆ ಹಿಡನ್.

ಲೈನ್-ಹೈಟ್ 1 ಅಂದರೆ ಅಕ್ಷರದ ಗಾತ್ರ ಎಷ್ಟೋ ಸಾಲಿನ ಎತ್ತರವೂ ಅಷ್ಟೇ. ಇಂಗ್ಲಿಷಿಗೆ ಅದು ನಡೆಯುತ್ತದೆ. ಅಲ್ಲಿ ಜಿ, ವೈ ಅಂಥ ನಾಲ್ಕೈದಕ್ಕೆ ಚಿಕ್ಕ ಬಾಲ, ಉಳಿದವು ಗೆರೆ ಮೇಲೆ ನೆಟ್ಟಗೆ ನಿಲ್ಲುತ್ತವೆ. ನಮ್ಮ ಅಕ್ಷರ ಹಾಗೆ ನಿಲ್ಲುವುದಿಲ್ಲ. ತಲೆ ಮೇಲೆ ತಲೆಕಟ್ಟು ಅಥವಾ ಗುಡಿಸು, ಕಾಲ ಕೆಳಗೆ ಒತ್ತು. ಅದಕ್ಕೆ ಕೆಳಗೆ ಜಾಗ ಬೇಕು. ಜಾಗ ಕೊಡದಿದ್ದರೆ ಒತ್ತು ಪೆಟ್ಟಿಗೆಯ ಹೊರಗೆ ಇಣುಕುತ್ತದೆ. ಇಣುಕಿದರೆ ಇಣುಕಲಿ ಅಂತ ಬಿಟ್ಟಿದ್ದರೂ ಓದಬಹುದಿತ್ತು. ಈ ಥೀಮು ಉದ್ದದ ಹೆಸರುಗಳು ಹೊರಗೆ ಚೆಲ್ಲಬಾರದು ಅಂತ ‘ಹಿಡನ್’ ಹಾಕಿ ಹೊರಗಿದ್ದದ್ದನ್ನೆಲ್ಲ ಮುಚ್ಚಿಬಿಟ್ಟಿತ್ತು.

ಆಮೇಲೆ ಪುಟ ಪೂರ್ತಿ ಹುಡುಕಿದೆ. ‘ಕಿತ್ತಳೆ’ ‘ಕಿತಳೆ’ ಆಗಿತ್ತು. ‘ಬುಟ್ಟಿ’ ‘ಬುಟಿ’. ‘ಒಟ್ಟು ಮೊತ್ತ’ ಹೋಗಿ ‘ಒಟು ಮೊತ’. ಎಲ್ಲಕ್ಕಿಂತ ಕಷ್ಟಪಟ್ಟದ್ದು ‘ಸ್ತ್ರೀಶಕ್ತಿ ಗುಂಪಿನ ಉಪ್ಪಿನಕಾಯಿ’. ಒಂದರ ಕೆಳಗೆ ಎರಡು ಒತ್ತು ಇರುವ ಅಕ್ಷರ ಅದು. ಪಾಪ, ‘ಸೀಶಕಿ ಗುಂಪಿನ ಉಪಿನಕಾಯಿ’ ಅಂತ ಕೂತಿತ್ತು. ನಗಬೇಕೋ ಅಳಬೇಕೋ.

ಲೈನ್-ಹೈಟ್ 1.6 ಮಾಡಿದೆ. ಪೆಟ್ಟಿಗೆಯ ಕೆಳಗೆ ಆರು ಪಿಕ್ಸೆಲ್ ಜಾಗ ಬಿಟ್ಟೆ. ‘ಸ್ತ್ರೀ’ ಕಾಲೂರಿ ನಿಂತಿತು. ಆ ದಿನದಿಂದ ನನಗೆ ಅದೇ ಅಳತೆಗೋಲು. ಯಾವ ಬದಲಾವಣೆ ಮಾಡಿದರೂ ಮೊದಲು ಉಪ್ಪಿನಕಾಯಿ ನೋಡುತ್ತೇನೆ. ‘ಸ್ತ್ರೀ’ ಸರಿ ಕಂಡರೆ ಉಳಿದದ್ದೆಲ್ಲ ಸರಿ ಇರುತ್ತದೆ.

ಇಷ್ಟು ಆದ ಮೇಲೆ ಥೀಮಿನ ಉಳಿದ ಚಾಳಿಗಳೂ ಕಣ್ಣಿಗೆ ಬೀಳತೊಡಗಿದವು. ಅದು ತಲೆಬರಹಗಳನ್ನೆಲ್ಲ ದೊಡ್ಡಕ್ಷರಕ್ಕೆ ತಿರುಗಿಸಿ ಎದ್ದು ಕಾಣುವಂತೆ ಮಾಡುತ್ತಿತ್ತು. ಕನ್ನಡದಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ ಎಲ್ಲಿದೆ? ಹಾಗಾಗಿ ನಮ್ಮ ತಲೆಬರಹಗಳು ಉಳಿದ ಬರಹದ ಜೊತೆಗೇ ಕಳೆದುಹೋಗಿದ್ದವು. ಜೊತೆಗೆ ಲೆಟರ್-ಸ್ಪೇಸಿಂಗ್ ಬೇರೆ, ಅಕ್ಷರಕ್ಕೂ ಅಕ್ಷರಕ್ಕೂ ನಡುವೆ ಮೂರು ಪಿಕ್ಸೆಲ್ ಬಿಡುವು. ಇಂಗ್ಲಿಷಿನಲ್ಲಿ ಅದು ಠೀವಿ. ನಮ್ಮಲ್ಲಿ ‘ಕಾ ಳು ಮೆ ಣ ಸು’ ಅಂತ ಕಣದಲ್ಲಿ ಹರಡಿದ ಹಾಗೆ ಕಾಣುತ್ತದೆ. ಸೊನ್ನೆ ಮಾಡಿದೆ.

ಫಾಂಟಿನದ್ದು ಇನ್ನೊಂದು ತಮಾಷೆ. ನನ್ನ ಫೋನಿನಲ್ಲಿ ಅಕ್ಷರ ಒಂದು ಥರ, ಲ್ಯಾಪ್‌ಟಾಪಿನಲ್ಲಿ ಇನ್ನೊಂದು ಥರ, ಮಡಿಕೇರಿಯ ಗ್ರಾಹಕರೊಬ್ಬರ ಐಫೋನಿನಲ್ಲಿ ಮತ್ತೊಂದು ಥರ. ಥೀಮು ಕೇಳಿದ್ದ ಫಾಂಟಿನಲ್ಲಿ ಕನ್ನಡವೇ ಇರಲಿಲ್ಲ. ಹಾಗಾದಾಗ ಬ್ರೌಸರ್ ಸುಮ್ನೆ ಆ ಯಂತ್ರದಲ್ಲಿ ಯಾವ ಕನ್ನಡ ಫಾಂಟ್ ಇದೆಯೋ ಅದನ್ನು ಎತ್ತಿಕೊಳ್ಳುತ್ತದೆ. ಆಂಡ್ರಾಯ್ಡ್‌ನಲ್ಲಿ ಸಾಮಾನ್ಯವಾಗಿ ನೋಟೋ, ವಿಂಡೋಸ್‌ನಲ್ಲಿ ನಿರ್ಮಲಾ ಅಥವಾ ತುಂಗಾ. ಫಾಂಟ್-ಫ್ಯಾಮಿಲಿ ಅನ್ನುವುದು ಒಂದೇ ಹೆಸರಲ್ಲ, ಅದೊಂದು ಸಾಲು. ಮೊದಲಿನವನ ಹತ್ತಿರ ಈ ಅಕ್ಷರ ಇಲ್ಲವಾ, ಎರಡನೆಯವನನ್ನು ಕೇಳು, ಅವನಲ್ಲೂ ಇಲ್ಲವಾ, ಮೂರನೆಯವನು. ಪಕ್ಕದ ಮನೆಗಳಿಗೆ ಹೆಪ್ಪು ಕೇಳಿಕೊಂಡು ಹೋದ ಹಾಗೆ. ಓದುವ ಬರಹಕ್ಕೆ ನೋಟೋ ಸಾನ್ಸ್ ಕನ್ನಡ ಹಾಕಿದೆ. ತಲೆಬರಹಕ್ಕೆ ಬಾಲೂ ತಮ್ಮ 2 ಅಂತ ಒಂದಿದೆ, ಗುಂಡಗೆ, ದಪ್ಪಗೆ. ಹೆಸರು ಕೇಳಿಯೇ ಇಷ್ಟವಾಯಿತು. ಎರಡೂ ಗೂಗಲ್ ಫಾಂಟ್ಸ್‌ನಲ್ಲಿ ಪುಕ್ಕಟೆ. ಒಂದು ತಪ್ಪು ಮಾಡಿದ್ದೆ: ನೋಟೋದ ಸಾದಾ ತೂಕವನ್ನಷ್ಟೇ (ಫಾಂಟಿನಲ್ಲಿ ತೂಕ ಅಂದರೆ ಅಕ್ಷರದ ದಪ್ಪ) ತರಿಸಿ, ಬೆಲೆಗಳನ್ನು ಬೋಲ್ಡ್ ಮಾಡು ಅಂದಿದ್ದೆ. ಬೋಲ್ಡ್ ಅಕ್ಷರ ಕೈಯಲ್ಲಿ ಇಲ್ಲದೆ ಬ್ರೌಸರ್ ಇದ್ದದ್ದನ್ನೇ ಉಜ್ಜಿ ದಪ್ಪ ಮಾಡಿತ್ತು. ಕನ್ನಡದ ಸುರುಳಿಗಳೆಲ್ಲ ಮುಚ್ಚಿಹೋಗಿ ಮಸಿ ಚೆಲ್ಲಿದಂತಿತ್ತು. 700ರ ತೂಕವನ್ನೂ ತರಿಸಿದ ಮೇಲೆ ಸರಿಹೋಯಿತು.

ಬಣ್ಣಕ್ಕೆ ಬಂದಾಗ ಮನೆಯಲ್ಲಿ ಎಲ್ಲರೂ ಕಲಾವಿದರಾದರು. ಮಾವ ಕಾಫಿ ಹಣ್ಣಿನ ಕೆಂಪು ಅಂದರು. ಮಗ ಕಪ್ಪು ಅಂದ. ನಾನು ಕಾಫಿ ಎಲೆಯ ಹಸಿರು ಅಂತ ತೀರ್ಮಾನ ಮಾಡಿಯಾಗಿತ್ತು. ಮಳೆಯಲ್ಲಿ ನೆನೆದ ಎಲೆಯ ಫೋಟೋ ತೆಗೆದು ಅದರಿಂದಲೇ ಬಣ್ಣ ಎತ್ತಿದೆ: ಕೆಂಪು 31, ಹಸಿರು 77, ನೀಲಿ 46. ಬಟನ್‌ಗೆ ಮಾತ್ರ ಕೊಡಗಿನ ಕಿತ್ತಳೆ ಬಣ್ಣ ಇರಲಿ, ಮೇಲೆ ಬಿಳಿ ಅಕ್ಷರ ಅಂತ ಆಸೆಪಟ್ಟೆ. ನೋಡಲು ಹಬ್ಬ. ಅಂಗಳದ ಬೆಳಕಿಗೆ ಬಂದು ಫೋನ್ ಹಿಡಿದರೆ ಬಟನ್ ಮೇಲೆ ಏನೂ ಇಲ್ಲ.

ಅಕ್ಷರಕ್ಕೂ ಹಿನ್ನೆಲೆಗೂ ಎಷ್ಟು ಅಂತರ ಇದೆ ಅಂತ ಅಳೆಯುವ ಲೆಕ್ಕ ಇದೆ. ಸಾಮಾನ್ಯ ಗಾತ್ರದ ಅಕ್ಷರಕ್ಕೆ ಕಡಿಮೆ ಅಂದರೂ 4.5 ಇರಬೇಕು ಅನ್ನುವುದು ವೆಬ್ಬಿನಲ್ಲಿ ಒಪ್ಪಿಕೊಂಡ ಅಳತೆ. ಕ್ರೋಮಿನಲ್ಲಿ ಅದೇ ಎಫ್12ರ ಒಳಗೆ ಅಕ್ಷರದ ಬಣ್ಣದ ಚೌಕ ಒತ್ತಿದರೆ ಈ ಅಂಕಿ ತೋರಿಸುತ್ತದೆ. ನನ್ನ ಕಿತ್ತಳೆ ಮೇಲೆ ಬಿಳಿಗೆ 1.97 ಬಂತು. ಪಾಸ್ ಮಾರ್ಕಿನ ಅರ್ಧವೂ ಇಲ್ಲ! ಥೀಮಿನ ಬೂದು ಅಕ್ಷರಕ್ಕೆ 2.3. ಎಲೆ ಹಸಿರಿಗೆ ಮಾತ್ರ 9ಕ್ಕಿಂತ ಜಾಸ್ತಿ. ಕಿತ್ತಳೆ ಮೇಲೆ ಕಪ್ಪು ಅಕ್ಷರ ಹಾಕಿದರೆ 10 ದಾಟುತ್ತದೆ, ಆದರೆ ಅದು ಬಸ್ಸಿನ ಬೋರ್ಡಿನ ಹಾಗೆ ಕಾಣುತ್ತದೆ ಅಂತ ಮಗ ಮುಖ ಕಿವುಚಿದ. ಕಿತ್ತಳೆಯನ್ನು ಒಂದು ತೆಳು ಅಂಚಿಗೆ ಇಳಿಸಿ, ಬಟನ್‌ಗೂ ಹಸಿರನ್ನೇ ಕೊಟ್ಟೆ.

ಒಂದೇ ಬಣ್ಣವನ್ನು ನಲವತ್ತು ಕಡೆ ಬರೆಯುವ ಬದಲು ಅದಕ್ಕೊಂದು ಹೆಸರಿಟ್ಟು, ಬೇಕಾದಲ್ಲೆಲ್ಲ ಆ ಹೆಸರು ಹೇಳಬಹುದು. ಎರಡು ಅಡ್ಡಗೀಟು ಹಾಕಿ ಹೆಸರು ಬರೆದರಾಯಿತು. ಆ ಹೆಸರು ಕನ್ನಡದಲ್ಲೂ ಇರಬಹುದು ಅಂತ ತಿಳಿದಾಗ ನನಗೆ ಆದ ಖುಷಿ ಅಷ್ಟಿಷ್ಟಲ್ಲ. --ಎಲೆಹಸಿರು ಅಂತ ಬರೆದೆ. ನಡೆಯಿತು! --ಅಂಚು, --ಬೆಲೆ, --ಬಟನ್ ಅಂತ ಒಂದೊಂದೇ ಹೆಸರಿಟ್ಟೆ. ಆ ಡಬ್ಬ ನಮ್ಮನೆ ಅಡುಗೆಮನೆಯ ಡಬ್ಬಿಗಳ ಸಾಲಿನ ಹಾಗೆ ಆಯಿತು.

ಮಾರನೆ ದಿನ ಬಟನ್‌ಗಳೇ ಮಾಯ.

ಎಲ್ಲ ಸರಿಯಾಗಿಯೇ ಇದೆ. ಹೆಸರು --ಬಟನ್, ಕರೆದದ್ದೂ --ಬಟನ್. ಒಂದಕ್ಷರ ಹೆಚ್ಚಿಲ್ಲ, ಕಡಿಮೆ ಇಲ್ಲ. ಆದರೂ ಬಣ್ಣ ಬರುತ್ತಿಲ್ಲ. ಬಿಳಿ ಹಾಳೆ ಮೇಲೆ ಬಿಳಿ ಅಕ್ಷರ. ಎರಡು ಸಂಜೆ ಇದಕ್ಕೇ ಹೋಯಿತು. ಕೊನೆಗೆ ತಮ್ಮನಿಗೆ ಕಳಿಸಿದೆ. ಅವನು ಕಂಡುಹಿಡಿದದ್ದು ಹೀಗೆ: ಒಂದು ಸಲ ಲ್ಯಾಪ್‌ಟಾಪಿನಲ್ಲಿ ಟೈಪ್ ಮಾಡಿದ್ದೆ, ಇನ್ನೊಂದು ಸಲ ಫೋನಿನಲ್ಲಿ. ಫೋನಿನ ಕೀಲಿಮಣೆ ‘ನ್’ ಆದ ಮೇಲೆ ಕಣ್ಣಿಗೆ ಕಾಣದ ಒಂದು ಅಕ್ಷರ ಸೇರಿಸಿತ್ತು. ಒತ್ತು ಕೂಡದಂತೆ ಅಕ್ಷರಗಳನ್ನು ಬಿಡಿಸಲು ಕನ್ನಡದಲ್ಲಿ ಬಳಸುತ್ತೇವಲ್ಲ, ಅಗಲವೇ ಇಲ್ಲದ ಜೋಡಿಮುರಿ ಅಕ್ಷರ, ಅದು. ನಮ್ಮ ಕಣ್ಣಿಗೆ ಎರಡೂ ‘ಬಟನ್’. ಕಂಪ್ಯೂಟರಿಗೆ ಎರಡು ಬೇರೆ ಬೇರೆ ಹೆಸರು. ಗೊತ್ತಿಲ್ಲದ ಹೆಸರು ಕರೆದರೆ ಅದು ಬಣ್ಣವನ್ನೇ ಹಾಕುವುದಿಲ್ಲ.

“ನ್ ಅಂತ ಕೊನೆಯಾಗದ ಹೆಸರು ಇಡು ಅಕ್ಕಾ,” ಅಂದ. ಬಟನ್‌ಗೆ ಕನ್ನಡದಲ್ಲಿ ಗುಂಡಿ. --ಗುಂಡಿ ಅಂತ ಮಾಡಿದೆ. ಎರಡು ಸಂಜೆ ನಾನು ಬಿದ್ದಿದ್ದಕ್ಕೂ ಅದೇ ಹೆಸರು ಸರಿ.

ಈಗ ಆ ‘ತೂಕ’ದ ವಿಷಯ. ಬೆಲೆಯ ಬಣ್ಣ ಬದಲಾಯಿಸಲು ಹೋದೆ, ಜಪ್ಪಯ್ಯ ಅಂದರೂ ಬದಲಾಗಲಿಲ್ಲ. ನನ್ನದು ಕೊನೆಗೆ ಬಂದ ನಿಯಮ, ಆದರೂ ಸೋಲುತ್ತಿದೆ. ಥೀಮಿನವರು ಅಲ್ಲಿ ಐಡಿ, ಅಂದರೆ ಪುಟದ ಒಂದೇ ಒಂದು ಭಾಗಕ್ಕೆ ಇಟ್ಟ ಹೆಸರು, ಹಿಡಿದು ನಿಯಮ ಬರೆದಿದ್ದರು, ನಾನು ಕ್ಲಾಸ್, ಅಂದರೆ ಹಲವು ಭಾಗಗಳಿಗೆ ಸೇರಿಸಿ ಇಟ್ಟ ಹೆಸರು, ಹಿಡಿದು ಬರೆದಿದ್ದೆ. ಒಂದು ಐಡಿಯ ಮುಂದೆ ನೂರು ಕ್ಲಾಸ್ ನಿಂತರೂ ಗೆಲ್ಲುವುದಿಲ್ಲ. ಯಾರೋ ‘ಇಂಪಾರ್ಟೆಂಟ್’ ಅಂತ ಕೊನೆಯಲ್ಲಿ ಸೇರಿಸು ಅಂತ ಹೇಳಿದ್ದು ನೆನಪಾಯಿತು. ಸೇರಿಸಿದೆ, ಗೆದ್ದಿತು. ರುಚಿ ಹತ್ತಿತು. ಎಲ್ಲದಕ್ಕೂ ಇಂಪಾರ್ಟೆಂಟ್. ಎರಡು ವಾರದಲ್ಲಿ ನನ್ನ ಡಬ್ಬ ಗ್ರಾಮಸಭೆಯಾಗಿತ್ತು. ಎಲ್ಲರೂ ಜೋರಾಗಿ ಕೂಗುತ್ತಿದ್ದರು, ಯಾರ ಮಾತೂ ಕೇಳುತ್ತಿರಲಿಲ್ಲ. ಫೋನಿಗೆ ಅಂತ ಬೇರೆ ಗಾತ್ರ ಕೊಟ್ಟರೆ ನನ್ನದೇ ಹಳೆ ಇಂಪಾರ್ಟೆಂಟ್ ಅಡ್ಡ ಬಂದು ನಿಲ್ಲುತ್ತಿತ್ತು. ಒಂದು ಭಾನುವಾರ ಕೂತು ಎಲ್ಲ ಕಿತ್ತು ಹಾಕಿದೆ. ಥೀಮಿನವರು ಹಿಡಿದ ಐಡಿಯನ್ನೇ ನಾನೂ ಹಿಡಿದು ಬರೆದೆ. ಈಗ ಉಳಿದಿರುವುದು ಎರಡೇ ಇಂಪಾರ್ಟೆಂಟ್. ಅವೆರಡನ್ನು ತೆಗೆಯುವ ದಾರಿ ಇನ್ನೂ ಸಿಕ್ಕಿಲ್ಲ.

ಇದೆಲ್ಲ ನಡೆದದ್ದು ಜುಲೈನಲ್ಲಿ ಅನ್ನುವುದನ್ನು ಮರೆಯಬೇಡಿ. ಕೊಡಗಿನ ಜುಲೈ. ಹೊರಗೆ ಹಗಲೂ ರಾತ್ರಿ ಒಂದೇ ಸಮ ಸುರಿಯುತ್ತಿರುತ್ತದೆ. ಎಲ್ಲೋ ಮರ ಬಿದ್ದರೆ ಕರೆಂಟಿಲ್ಲ, ಕರೆಂಟಿಲ್ಲದಿದ್ದರೆ ಸ್ವಲ್ಪ ಹೊತ್ತಿಗೆ ಟವರೂ ಇಲ್ಲ. ಒಂದು ರಾತ್ರಿ ಮುಕ್ಕಾಲು ಗಂಟೆ ಬರೆದದ್ದನ್ನು ಉಳಿಸು ಅಂತ ಒತ್ತುವಷ್ಟರಲ್ಲಿ ನೆಟ್ ಹೋಯಿತು. ಪುಟ ಬಿಳುಚಿಕೊಂಡಿತು. ಬರೆದದ್ದೆಲ್ಲ ನೀರು ಪಾಲು. ಆಮೇಲೆ ಬುದ್ಧಿ ಬಂತು. ಮೊದಲು ನೋಟ್‌ಪ್ಯಾಡಿನಲ್ಲಿ ಬರೆದು, ಲ್ಯಾಪ್‌ಟಾಪಿನಲ್ಲೇ ಉಳಿಸಿ, ತಾರೀಕು ಹಾಕಿ ಇಟ್ಟು, ಆಮೇಲೆ ಡಬ್ಬಕ್ಕೆ ಅಂಟಿಸುವುದು. ಈ ತಾರೀಕಿನ ಪ್ರತಿಗಳೇ ಇನ್ನೊಮ್ಮೆ ಕಾಪಾಡಿದವು. ಒಂದು ಮುಚ್ಚುವ ಬ್ರಾಕೆಟ್ ಬಿಟ್ಟುಹೋಗಿ ಅದರ ಕೆಳಗೆ ಬರೆದದ್ದೆಲ್ಲ ಕೆಟ್ಟಿತ್ತು. ಹಿಂದಿನ ದಿನದ ಪ್ರತಿ ಹಾಕಿ, ನಿಧಾನವಾಗಿ ಕೂತು ಹುಡುಕಿದೆ.

ಫೋಟೋಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಇಪ್ಪತ್ತಮೂರು ಮನೆಯವರು ಇಪ್ಪತ್ತಮೂರು ಆಕಾರದಲ್ಲಿ ಕಳಿಸುತ್ತಾರೆ. ಎಲ್ಲವನ್ನೂ ಚೌಕ ಮಾಡಿ, ಚೌಕ ತುಂಬುವಂತೆ ಹಿಗ್ಗಿಸಿ ಉಳಿದದ್ದನ್ನು ಕತ್ತರಿಸುವ ಆಬ್ಜೆಕ್ಟ್-ಫಿಟ್ ಕವರ್ ಹಾಕಿದೆ. ಮೆಣಸಿನ ರಾಶಿಗೆ ಚೆನ್ನಾಗಿತ್ತು. ಕಾಚಂಪುಳಿ (ನಮ್ಮ ಕಡೆಯ ಕಪ್ಪು ಹುಳಿರಸ) ಮತ್ತು ಜೇನಿನ ಬಾಟಲಿಗಳ ತಲೆ ಮುಚ್ಚಳದ ಸಮೇತ ಹಾರಿತು. ಬಾಟಲಿಗಳಿಗೆ ಮಾತ್ರ ಕಂಟೇನ್, ಏನನ್ನೂ ಕತ್ತರಿಸದೆ ಪೂರ್ತಿ ತೋರಿಸು ಅಂತ. ಫೋನಿನಲ್ಲಿ ಒಂದರ ಕೆಳಗೊಂದು ಬರುತ್ತಿದ್ದ ಸಾಮಾನುಗಳನ್ನು ಗ್ರಿಡ್ ಹಾಕಿ ಅಕ್ಕಪಕ್ಕ ಎರಡೆರಡು ಕೂರಿಸಿದೆ. ಒಂದೊಂದಕ್ಕೂ ಕಡಿಮೆ ಅಂದರೆ 150 ಪಿಕ್ಸೆಲ್, ಜಾಗ ಇದ್ದಷ್ಟು ತುಂಬಿಸಿಕೋ ಅಂತ. ಆಗ ಥೀಮಿನಲ್ಲಿದ್ದ ವರ್ಡ್-ಬ್ರೇಕ್ ಬ್ರೇಕ್-ಆಲ್ ಎದ್ದು ಕೂತಿತು. ‘ಕಾಚಂಪು’ ಒಂದು ಸಾಲಲ್ಲಿ, ‘ಳಿ’ ಇನ್ನೊಂದರಲ್ಲಿ. ನಮ್ಮ ಪದಗಳು ಉದ್ದ, ಅವನ್ನು ಎಲ್ಲೆಂದರಲ್ಲಿ ಕಡಿಯಬಾರದು. ಅದನ್ನು ನಾರ್ಮಲ್‌ಗೆ ತಂದು, ಜಾಗ ಸಾಲದಿದ್ದರೆ ಮಾತ್ರ ಮುರಿ ಅಂತ ಓವರ್‌ಫ್ಲೋ-ರ್‍ಯಾಪ್ ಹಾಕಿದೆ.

ಪಕ್ಕದ ತೋಟದ ದೊಡ್ಡಪ್ಪ ಒಂದು ದಿನ ಕೊಡೆ ಮಡಚುತ್ತಾ ಬಂದರು. ಕಾಫಿ ಕುಡಿದರು. ಮಳೆ ಬಗ್ಗೆ ಮಾತಾಡಿದರು. ಹೊರಡುವಾಗ ಮೆಲ್ಲಗೆ, “ಅಲ್ಲಮ್ಮಾ, ನನ್ನ ಮೆಣಸು ಯಾಕೆ ಕೊನೇಲಿ ಬರುತ್ತೆ? ನೀನು ಅದೇನೋ ಬರೀತೀಯಂತಲ್ಲ, ಸ್ವಲ್ಪ ಮೇಲೆ ತರಕ್ಕಾಗುತ್ತಾ?” ಅಂದರು.

ಆಗುತ್ತೆ. ಆರ್ಡರ್ ಅಂತ ಒಂದು ಗುಣ ಇದೆ, ಮೈನಸ್ ಒಂದು ಅಂತ ಬರೆದರೆ ಅವರ ಮೆಣಸು ಎಲ್ಲರ ತಲೆ ಮೇಲೆ ಬಂದು ಕೂರುತ್ತದೆ. ಒಂದೇ ಸಾಲಿನ ಕೆಲಸ. ಆದರೆ ಮಾರನೆ ದಿನ ಉಳಿದ ಇಪ್ಪತ್ತೆರಡು ಮನೆಯವರಿಗೆ ಕಾಫಿ ಮಾಡಿಕೊಡುವವರು ಯಾರು? “ಅದು ಅಕ್ಷರದ ಕ್ರಮದಲ್ಲಿ ಬರುತ್ತೆ ದೊಡ್ಡಪ್ಪ, ನನ್ನ ಕೈಲಿಲ್ಲ” ಅಂದೆ. ಇದು ಪೂರ್ತಿ ಸುಳ್ಳಲ್ಲ. ಮುಂದಿನ ವಾರ ಅವರ ಸಾಮಾನಿನ ಹೆಸರು ‘ಅಪ್ಪಟ ಕಾಳುಮೆಣಸು’ ಆಗಿತ್ತು. ಸೀದಾ ಮೇಲೆ ಬಂತು.

ಬಟನ್ ಮೇಲೆ ಇಂಗ್ಲಿಷಿನಲ್ಲಿದ್ದ ಮಾತನ್ನು ಕನ್ನಡ ಮಾಡಲು ನಾನು ಮಾಡಿದ ಚಾಲಾಕಿಯನ್ನೂ ಹೇಳಿಬಿಡುತ್ತೇನೆ. ಇಂಗ್ಲಿಷ್ ಅಕ್ಷರದ ಗಾತ್ರ ಸೊನ್ನೆ ಮಾಡಿ ಅಡಗಿಸಿ, ಅದರ ಹಿಂದೆ ಕಂಟೆಂಟ್ ಅನ್ನುವ ಗುಣದಿಂದ ‘ಬುಟ್ಟಿಗೆ ಹಾಕಿ’ ಅಂತ ಮೂಡಿಸಿದೆ. ಬೀಗಿಕೊಂಡು ತಮ್ಮನಿಗೆ ತೋರಿಸಿದೆ. ಅವನು ಹೊಗಳಲಿಲ್ಲ. ಕಣ್ಣು ಕಾಣದವರಿಗೆ ಪುಟ ಓದಿ ಹೇಳುವ ತಂತ್ರಾಂಶಕ್ಕೆ ಇದರಿಂದ ಗೊಂದಲ ಆಗುತ್ತದೆ, ಪುಟದಲ್ಲಿ ಹುಡುಕಿದರೆ ಆ ಮಾತು ಸಿಗುವುದೂ ಅನುಮಾನ ಅಂದ. ಪುಟದ ಮಾತನ್ನು ಪುಟದಲ್ಲೇ ಬದಲಾಯಿಸಬೇಕಂತೆ, ಬಣ್ಣ ಬಳಿಯುವ ಕಡೆ ಅಲ್ಲ. ಹುಡುಕಿದರೆ ಸೆಟ್ಟಿಂಗ್‌ನಲ್ಲಿ ಬಟನ್‌ಗಳ ಮಾತು ಬರೆಯಲು ಬೇರೆ ಜಾಗವೇ ಇತ್ತು. ಮೊದಲೇ ನೋಡಿದ್ದರೆ ಒಂದು ರಾತ್ರಿ ನಿದ್ದೆ ಉಳಿಯುತ್ತಿತ್ತು.

ಶುಕ್ರವಾರ ಮಡಿಕೇರಿಯಲ್ಲಿ ಚೀಲ ಕೊಡುವಾಗ, ಪ್ರತಿ ವಾರ ಬರುವ ಒಬ್ಬರು ಅಜ್ಜಿ, “ಮಗಾ, ಹೊಸದಾಗಿ ಮಾಡಿದ್ದೀರಂತೆ, ನನಗೆ ಹಳೇದೇ ಬರ್ತಾ ಇದೆಯಲ್ಲ” ಅಂದರು. ಅವರ ಫೋನು ನೋಡಿದೆ. ಅದೇ ನೀಲಿ ಬಟನ್, ಅದೇ ಬೆಣೆ ಹಣು. ಬ್ರೌಸರ್ ಒಮ್ಮೆ ತಂದ ಸಿಎಸ್ಎಸ್ ಕಡತವನ್ನು ಫೋನಿನಲ್ಲೇ ಇಟ್ಟುಕೊಂಡು ಮತ್ತೆ ಮತ್ತೆ ಅದನ್ನೇ ಬಡಿಸುತ್ತದೆ. ಲ್ಯಾಪ್‌ಟಾಪಿನಲ್ಲಾದರೆ ಕಂಟ್ರೋಲ್, ಶಿಫ್ಟ್, ಆರ್ ಮೂರನ್ನೂ ಒತ್ತಿ ಹೊಸದು ತಾ ಅನ್ನಬಹುದು. ಸಂತೆಯ ಗದ್ದಲದಲ್ಲಿ, ಒಂದು ಕೈಯಲ್ಲಿ ಕೊಡೆ ಹಿಡಿದ ಅಜ್ಜಿಗೆ ಅದನ್ನೆಲ್ಲ ಹೇಳಲಾದೀತೇ? ಕಡತದ ವಿಳಾಸದ ಕೊನೆಗೆ ಒಂದು ಅಂಕಿ ಸೇರಿಸಿದರೆ ಬ್ರೌಸರ್ ಅದನ್ನು ಹೊಸ ಕಡತ ಅಂದುಕೊಂಡು ಮತ್ತೆ ತರುತ್ತದೆ. ವೆಬ್‌ಸೈಟಿನವರಿಗೆ ಬರೆದು ಕೇಳಿಕೊಂಡೆ, ಮಾಡಿಕೊಟ್ಟರು. ಈಗ ನಾನು ಉಳಿಸಿದಾಗಲೆಲ್ಲ ಆ ಅಂಕಿ ತಾನಾಗಿ ಏರುತ್ತದೆ.

ಇಷ್ಟೆಲ್ಲದರಲ್ಲಿ ಗುಂಪಿನವರು ನನ್ನನ್ನು ನಿಜವಾಗಿ ಹೊಗಳಿದ್ದು ಯಾವುದಕ್ಕೆ ಗೊತ್ತಾ? ಯಾವ ಗ್ರಾಹಕರ ಕಣ್ಣಿಗೂ ಬೀಳದ ಒಂದು ಹಾಳೆಗೆ. ಗುರುವಾರ ಶೆಡ್ಡಿನಲ್ಲಿ ಯಾರ ಚೀಲಕ್ಕೆ ಏನು ಅಂತ ನೋಡಲು ಆರ್ಡರ್ ಪಟ್ಟಿಯನ್ನು ಪ್ರಿಂಟ್ ತೆಗೆಯುತ್ತೇವೆ. ಮೊದಲು ಒಬ್ಬರ ಪಟ್ಟಿಗೆ ನಾಲ್ಕು ಹಾಳೆ ಬರುತ್ತಿತ್ತು. ಮೆನು, ಫೋಟೋ, ಕೆಳಗಿನ ಜಾಹೀರಾತಿನಂಥ ಸಾಲು, ಎಲ್ಲ. ಮೀಡಿಯಾ ಪ್ರಿಂಟ್ ಅಂತ ಬರೆದು ಅದರೊಳಗೆ ಹಾಕಿದ ನಿಯಮ ಪ್ರಿಂಟ್ ತೆಗೆಯುವಾಗ ಮಾತ್ರ ನಡೆಯುತ್ತದೆ. ಅಲ್ಲಿ ಫೋಟೋ, ಮೆನು ಎಲ್ಲಕ್ಕೂ ಡಿಸ್‌ಪ್ಲೇ ನನ್. ಹೆಸರು, ಸಾಮಾನು, ತೂಕ ಇಷ್ಟೇ. ಅಕ್ಷರ ದೊಡ್ಡದು, ಸಾಲಿನ ಕೆಳಗೆ ಗೆರೆ, ತುದಿಯಲ್ಲಿ ಟಿಕ್ ಹಾಕಲು ಖಾಲಿ ಚೌಕ. ಒಬ್ಬರ ಪಟ್ಟಿ ಎರಡು ಹಾಳೆಗೆ ಹರಿದು ಹೋಗದಂತೆ ಇನ್ನೊಂದು ಸಾಲು. ನಾಲ್ಕು ಹಾಳೆ ಹೋಗಿ ಅರ್ಧ ಹಾಳೆಗೆ ಬಂತು. ತಕ್ಕಡಿ ಹಿಡಿಯುವ ಅಕ್ಕ ಆ ಹಾಳೆಯನ್ನು ಎತ್ತಿ ಹಿಡಿದು, “ಈಗ ಓದಕ್ಕಾಗುತ್ತೆ ನೋಡು!” ಅಂದರು. ನನ್ನ ಎಲೆ ಹಸಿರನ್ನು ಇವತ್ತಿನವರೆಗೆ ಯಾರೂ ಹೊಗಳಿಲ್ಲ.

ಆಗಸ್ಟಿನ ಮೊದಲ ವಾರಕ್ಕೆ ಕಕ್ಕಡ ಹದಿನೆಂಟು, ಅಂದರೆ ಕಕ್ಕಡ ತಿಂಗಳ ಹದಿನೆಂಟನೇ ದಿನ, ಬಂತು. ಅವತ್ತು ಮದ್ದುಸೊಪ್ಪಿನಲ್ಲಿ ಹದಿನೆಂಟು ಬಗೆಯ ಔಷಧಿ ಸೇರಿರುತ್ತದೆ ಎಂಬ ನಂಬಿಕೆ ನಮ್ಮ ಕಡೆ. ಸೊಪ್ಪು ಕುದಿಸಿದ ನೀರಿನಲ್ಲಿ ಪಾಯಸ ಮಾಡಿದರೆ ಗಾಢ ನೇರಳೆ. ಪೇಟೆಯಲ್ಲಿರುವವರು ಸೊಪ್ಪಿಗೆ ಮುಗಿಬೀಳುತ್ತಾರೆ. ಪುಟದ ಮೇಲ್ಭಾಗಕ್ಕೆ ಒಂದು ಪಟ್ಟಿ ಮಾಡಿ, ಅತ್ತೆಯ ಪಾಯಸದ ಬಟ್ಟಲಿನಿಂದಲೇ ಬಣ್ಣ ಎತ್ತಿ ಹಾಕಿದೆ. --ಮದ್ದುಪಾಯಸ ಅಂತ ಹೆಸರಿಟ್ಟೆ. ಬಿಳಿ ಅಕ್ಷರ ಅದರ ಮೇಲೆ ಹಲ್ಲಿನ ಹಾಗೆ ಹೊಳೆಯುತ್ತಿತ್ತು. ಮಂಗಳವಾರ ಸಂಜೆಗೆ ಸೊಪ್ಪು ಖಾಲಿ.

ಅತ್ತೆ ತಾವೇ ಫೋನಿನಲ್ಲಿ ಒಂದು ಆರ್ಡರ್ ಮಾಡಿ ನೋಡಿದರು. ತಮ್ಮದೇ ತೋಟದ ಬೆಣ್ಣೆ ಹಣ್ಣು, ಒಂದು ಕೆಜಿ. ಪೂರ್ತಿ ಹೆಸರನ್ನು ಗಟ್ಟಿಯಾಗಿ ಓದಿ, ‘ಬುಟ್ಟಿಗೆ ಹಾಕಿ’ ಒತ್ತಿದರು. ಆಮೇಲೆ ಫೋನು ಟಿಣ್ ಅಂದಿತು. ಆರ್ಡರ್ ಬಂದಿದೆ ಅಂತ ಇಮೇಲ್. ಅದನ್ನು ತೆರೆದು ಮತ್ತೆ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿದರು.

ಇಮೇಲಿನ ರೂಪ ನನ್ನ ಡಬ್ಬದ ಮಾತು ಕೇಳುವುದಿಲ್ಲ. ಅದು ವೆಬ್‌ಸೈಟಿನವರ ಕೈಯಲ್ಲಿದೆ. ಅಲ್ಲಿ ಬಟನ್ ಇನ್ನೂ ನೀಲಿ, ಮತ್ತು ನಾವು ಇನ್ನೂ ಬೆಣೆ ಹಣು ಮಾರುತ್ತಿದ್ದೇವೆ. ಅವರಿಗೆ ಬರೆದಿದ್ದೇನೆ. ಜೊತೆಗೆ ಉಪ್ಪಿನಕಾಯಿಯ ಫೋಟೋವನ್ನೂ ಕಳಿಸಿದ್ದೇನೆ, ‘ಸ್ತ್ರೀ’ ಸರಿ ಕಾಣುವವರೆಗೆ ಬಿಡಬೇಡಿ ಅಂತ.